ಖಾಲಿ ಅಂದ್ರೆ ಸೊನ್ನೆ ಅಲ್ಲ

ಹೋದ ಬೇಸಿಗೆಯಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರು ಬಿಟ್ಟು, ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿರುವ ಅಣ್ಣನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಬೆಳಗ್ಗೆ ಏಳಕ್ಕೇ ಆಟೋ ಹಾರ್ನು, ಎಂಟಕ್ಕೆ ಸ್ಕೂಲ್ ವ್ಯಾನು, ಆಮೇಲೆ ಬಿಸಿಲು. ಮನೆ ಮುಂದೆ ಒಂದು ಹಳೇ ಬೇವಿನಮರ. ಮೊಬೈಲಿನಲ್ಲಿ ಮರ್ಲಿನ್ ಆ್ಯಪ್. ಹಕ್ಕಿ ನೋಡೋಕೆ ಕಾಡಿಗೇ ಹೋಗಬೇಕು ಅನ್ನೋರ ನಡುವೆ, ಈ ಆ್ಯಪ್ ಪೇಟೆಯ ನಡುವೆ ಎಷ್ಟು ಕೆಲಸಕ್ಕೆ ಬರ್ತದೆ? ಎರಡು ತಿಂಗಳು ಬಳಸಿದ ಮೇಲೆ ಬರೆದ ವಿಮರ್ಶೆ ಇದು.

ಮೊದಲು ಮೆಚ್ಚುಗೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೀತದೆ. ದನಿ ಕೇಳಿ ಹೆಸರು ಹೇಳುವ ಸೌಲಭ್ಯ 2021ರಲ್ಲಿ ಬಂತು. ಆ ದನಿಯಿಂದಲೇ ನನ್ನ ಮಾನ ಹೋಯ್ತು ಅನ್ನಿ. ಹತ್ತು ದಿನದಿಂದ ಟುಕ್ ಟುಕ್ ಟುಕ್ ಅಂತ ಒಂದೇ ಸಮ ಕೇಳ್ತಿತ್ತು. ಹಿಂದಿನ ಓಣಿಯಲ್ಲಿ ಯಾರೋ ತಗಡು ಬಡೀತಿದ್ದಾರೆ ಅಂದ್ಕೊಂಡಿದ್ದೆ. ಮರ್ಲಿನ್ ಹೇಳ್ತು: ಕಾಪರ್‌ಸ್ಮಿತ್ ಬಾರ್ಬೆಟ್. ನಮ್ಮ ಕಂಚುಗಾರ ಹಕ್ಕಿ! ಬೇವಿನ ಒಣಕೊಂಬೆಯ ತುದಿಗೆ ಕೂತಿತ್ತು. ಹಸಿರು ಮೈ, ಹಣೆ ಮೇಲೆ ಕುಂಕುಮ. ಹಾರ್ನುಗಳ ನಡುವಿಂದ ಆ ದನಿಯನ್ನು ಹೆಕ್ಕಿ ತೆಗೆದ ಕೋಡಿಗೆ ಒಬ್ಬ ಎಂಜಿನಿಯರ್ ಆಗಿ ಕೈ ಮುಗೀತೀನಿ.

ಈಗ ತಕರಾರು.

ಒಂದು ಸಂಜೆ ಕರೆಂಟ್ ಹೋಗಿತ್ತು. ಮರದಲ್ಲಿ ಚಿರಚಿರ ಗದ್ದಲ. ನಾನು ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ. ಕಮಲಾಪುರದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅವ್ವ ಕೇಳಿದಳು:

"ಏನ್ ಮಾಡ್ಲಾಕತ್ತಿ ತಮ್ಮಾ?"

"ಯಾವ ಹಕ್ಕಿ ಅಂತ ಕೇಳ್ಲಾಕತ್ತೀನಿ ಅವ್ವ."

"ಅದಕ್ಕ ಫೋನ್ ಯಾಕ ಬೇಕು? ಹಾಲಕ್ಕಿ ಅದು. ಮ್ಯಾಲಿನ ಪೊಟರ್ಯಾಗ ಎರಡು ಅವ. ದಿನಾ ದೀಪ ಹಚ್ಚೋ ಹೊತ್ತಿಗಿ ಹೊರಗ ಬರ್ತಾವ. ನಮ್ಮ ಹೊಲದಾಗಿನ ಹುಣಸಿಗಿಡದಾಗ ಇದ್ದಿಲ್ಲೇನು?"

ಇದ್ದವು. ನನಗೇ ಮರೆತುಹೋಗಿತ್ತು. ಆ್ಯಪ್ ಕೊಟ್ಟಿದ್ದು ಒಂದು ಹೆಸರು. ಅವ್ವ ಕೊಟ್ಟಿದ್ದು ಹೆಸರು, ಸಂಖ್ಯೆ, ಹೊತ್ತು, ಮನೆ ವಿಳಾಸ. ಆದರೆ ಅವ್ವನ ಮಾಹಿತಿ ಯಾವ ಸರ್ವರಿಗೂ ಹೋಗೋದಿಲ್ಲ.

ಇಲ್ಲೇ ಇರೋದು ವಿಷಯ. ಮರ್ಲಿನ್ ನಿಮ್ಮ ಜಾಗಕ್ಕೆ ತಕ್ಕಂತೆ 'ಇಲ್ಲಿ ಕಾಣಬಹುದಾದ ಹಕ್ಕಿಗಳು' ಅಂತ ಪಟ್ಟಿ ಕೊಡ್ತದೆ. ಆ ಪಟ್ಟಿಗೆ ಆಧಾರ, ಹಕ್ಕಿ ನೋಡುವವರು ಈ-ಬರ್ಡ್‌ಗೆ ಕಳಿಸಿದ ಲೆಕ್ಕ. ಆದರೆ ನಮ್ಮ ಕಡೆ ಹಕ್ಕಿ ನೋಡೋಕೆ ಅಂತ ಹೊರಟವರು ಓಡೋದು ಚಿಂಚೋಳಿ ಕಾಡಿಗೆ, ಇಲ್ಲಾ ಸುರಪುರದ ಹತ್ತಿರದ ಬೋನಾಳ ಕೆರೆಗೆ. ಖೂಬಾ ಪ್ಲಾಟ್‌ನ ಬೇವಿನಮರದ ಕೆಳಗೆ ಬೈನಾಕ್ಯುಲರ್ ಹಿಡಿದು ಯಾರು ನಿಲ್ತಾರೆ? ಆ್ಯಪ್‌ನ ಊಹೆಯ ಹಿಂದೆ ಸಾವಿರ ಪಟ್ಟಿ ಇದೆಯೋ ಮೂರೇ ಇದೆಯೋ, ಪರದೆ ಮೇಲೆ ಗೊತ್ತಾಗೋದಿಲ್ಲ. ನಮ್ಮ ಕಸುಬಿನಲ್ಲಿ ಹೊಸಬರಿಗೆ ಮೊದಲು ಕಲಿಸೋ ಪಾಠ: ನಲ್ ಬೇರೆ, ಝೀರೋ ಬೇರೆ. ಎಣಿಸಿದಾಗ ಏನೂ ಸಿಗದಿದ್ದರೆ ಸೊನ್ನೆ. ಯಾರೂ ಎಣಿಸದಿದ್ದರೆ ಖಾಲಿ. ಎರಡನ್ನೂ ಒಂದೇ ಅಂದ್ಕೊಂಡರೆ ಪ್ರೋಗ್ರಾಮ್ ಸುಳ್ಳು ಹೇಳ್ತದೆ.

ಎಣಿಸೋದರಿಂದ ಏನಾಗ್ತದೆ ಅಂತೀರಾ? ಗುಬ್ಬಿಯನ್ನೇ ನೋಡಿ. ಗುಬ್ಬಿಗಳೇ ಇಲ್ಲವಾದವು ಅಂತ ಎಲ್ಲರೂ ಮರುಗ್ತಿದ್ದರು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿ, ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಮ್ಮಿ ಸ್ಥಿರವಾಗಿದೆ, ಇಳಿದಿರೋದು ಬೆಂಗಳೂರು, ಹೈದರಾಬಾದ್‌ನಂಥ ಮಹಾನಗರಗಳಲ್ಲಿ ಅಂತ ತೋರಿಸ್ತು. 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿತು. 30,000ಕ್ಕೂ ಹೆಚ್ಚು ಜನರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಬಲದ ಮೇಲೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ಸಾಮಾನ್ಯರೇ.

ಇನ್ನೊಂದು ತೊಡಕು. ಮರ್ಲಿನ್‌ನಲ್ಲಿ 'ಇದು ನನ್ನ ಹಕ್ಕಿ' ಅಂತ ಒತ್ತಿದರೆ ಅದು ನಿಮ್ಮ ಸ್ವಂತ ಪಟ್ಟಿಗೆ ಸೇರ್ತದೆ, ಅಷ್ಟೇ. ಲೆಕ್ಕಕ್ಕೆ ಬರಬೇಕಾದರೆ ಈ-ಬರ್ಡ್‌ನಲ್ಲಿ ಜಾಗ, ಹೊತ್ತು, ಸಂಖ್ಯೆ ಸಮೇತ ಬೇರೆಯಾಗಿ ಬರೀಬೇಕು. ಇದು ನನಗೆ ಗೊತ್ತಾಗೋಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು.

ಜೂನ್ ಮೊದಲ ವಾರ ಆಳುಗಳು ಬಂದು ಬೇವಿನ ಒಣಕೊಂಬೆ ಕಡಿದರು. ಗಾಳಿಮಳೆಗೆ ಮುರಿದು ವೈರ್ ಮೇಲೆ ಬಿದ್ದರೆ ಕಷ್ಟ ಅಂತ ಓಣಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದು. ಅವರ ಭಯವೂ ಸುಳ್ಳಲ್ಲ. ಆದರೆ ಕಂಚುಗಾರ ಗೂಡು ಕೊರೆಯೋದೇ ಅಂಥ ಮೆತ್ತಗಾದ ಒಣಕೊಂಬೆಯಲ್ಲಿ. ನಾನು ಬಾಯಿಬಿಟ್ಟಾಗ ಒಬ್ಬರು ಕೇಳಿದರು: "ಇಲ್ಲಿ ಕಾಗಿ ಬಿಟ್ರ ಯಾವ ಹಕ್ಕಿ ಅದ ರೀ?" ತೋರಿಸೋಕೆ ನನ್ನ ಹತ್ತಿರ ಒಂದು ಪಟ್ಟಿಯೂ ಇರಲಿಲ್ಲ.

ಆವತ್ತಿನಿಂದ ದಿನಾ ಹದಿನೈದು ನಿಮಿಷ ಮಾಳಿಗೆ ಮೇಲೆ ನಿಂತು ಬರೀತಿದ್ದೆ. ಕಾಗೆ, ಪಾರಿವಾಳ ಏನನ್ನೂ ಬಿಡದೆ. ಆ್ಯಪ್ ಚೆನ್ನಾಗಿದೆ, ಹಾಕ್ಕೊಳ್ಳಿ. ಆದರೆ ಅದು ಹೆಸರು ಹೇಳಿದ ಕೂಡಲೇ ಜೇಬಿಗೆ ಇಳಿಸಬೇಡಿ. ತಲೆ ಎತ್ತಿ ನೋಡಿ, ಎಷ್ಟಿವೆ ಅಂತ ಎಣಿಸಿ, ಬರೆದು ಕಳಿಸಿ. ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅವ್ವ ಫೋನಿನಲ್ಲಿ ಹೇಳ್ತಾಳೆ, ನಾನು ಅಣ್ಣನ ಮಗಳಿಂದ ಬರೆಸ್ತೀನಿ. ಹಾಲಕ್ಕಿ ಈಗಲೂ ಎರಡೇ ಅವೆಯಂತೆ.