ಜೋಡಾಟದಲ್ಲಿ ಗೆದ್ದವರು ಯಾರು?

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟೆಯ ತನಕ, ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದರೆ ‘ಯಾವ ಆಟ?’ ಎಂದು ಯಾರೂ ಕೇಳುವುದಿಲ್ಲ. ‘ಯಾವ ಮೇಳ?’ ಎನ್ನುತ್ತಾರೆ. ಈ ಯಕ್ಷಗಾನದ ಆಟವನ್ನು ಪಂದ್ಯವನ್ನಾಗಿ ಮಾಡುವುದು ಜೋಡಾಟ. ಒಂದೇ ಬಯಲು, ಅಕ್ಕಪಕ್ಕ ಎರಡು ರಂಗಸ್ಥಳ, ಹೆಸರಾದ ಎರಡು ಮೇಳ, ಒಂದೇ ಪ್ರಸಂಗ. ಇಲ್ಲಿ ಅರ್ಜುನ ಹೊರಟರೆ ಅಲ್ಲಿಯೂ ಹೊರಡಬೇಕು.

ಕೋಲ್ಕತ್ತೆಯ ಫುಟ್‌ಬಾಲ್ ಹಗೆತನಕ್ಕೆ ಲೆಕ್ಕವಿದೆ. 1975ರ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಾಗಾನ್ ತಂಡವನ್ನು 5–0ಯಿಂದ ಸೋಲಿಸಿತು, ಮಾತು ಮುಗಿಯಿತು. ಜೋಡಾಟಕ್ಕೆ ಗೋಲೂ ಇಲ್ಲ, ರೆಫರಿಯೂ ಇಲ್ಲ. ಜನ ಯಾವ ರಂಗಸ್ಥಳದ ಮುಂದೆ ಓಡಿಹೋಗಿ ಮುತ್ತುತ್ತಾರೋ ಆ ಮೇಳ ಗೆದ್ದಿತು.

ನನ್ನ ತಕರಾರು ಇಲ್ಲಿಯೇ. ಓಡುವವರು ಯಾರು? ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಚಾಪೆಯಲ್ಲಿ ಕೂತವಳು ಓಡುತ್ತಾಳೆಯೇ? ಸಂಜೆ ಹಾಸಿದ ಚಾಪೆಯಲ್ಲೇ ಬೆಳಗು ಮಾಡಿದ ನಮ್ಮ ತಾಯಂದಿರ ವೋಟು ಎಣಿಕೆಗೇ ಬರಲಿಲ್ಲ. ಓಡುವವರನ್ನು ಸೆಳೆಯಲು ಚಂಡೆಯ ಅಬ್ಬರ ಬೇಕು, ಮಂಡಿ ತಿರುಗಬೇಕು, ಮತ್ತೂ ತಿರುಗಬೇಕು.

ಸುಧನ್ವನ ಪ್ರಸಂಗವನ್ನೇ ತೆಗೆದುಕೊಳ್ಳಿ. ಯುದ್ಧಕ್ಕೆ ಹೊರಟ ಗಂಡನನ್ನು ಪ್ರಭಾವತಿ ತಡೆಯುತ್ತಾಳೆ. ಒಂದು ಸಂತಾನವನ್ನಾದರೂ ಕೊಟ್ಟು ಹೋಗು ಎನ್ನುತ್ತಾಳೆ. ಅವನು ತಡವಾಗಿ ಹೋದದ್ದಕ್ಕೇ ತಂದೆ ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುವುದು. ಕಥೆಯ ಕೀಲೇ ಆ ಹೆಂಗಸಿನ ಮಾತು. ನಾನು ಕಂಡ ಒಂದು ಜೋಡಾಟದಲ್ಲಿ ಪ್ರಭಾವತಿಯ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಪಕ್ಕದಲ್ಲಿ ಆಗಲೇ ಅರ್ಜುನ ಹೊರಟಿದ್ದ, ಚಂಡೆ ಎಲ್ಲವನ್ನೂ ನುಂಗಿತು. ಈ ಬದಿಯ ಭಾಗವತರೂ ಗಡಿಬಿಡಿಯಲ್ಲಿ ಅವಳನ್ನು ಒಳಗೆ ಕಳಿಸಿದರು.

ಕುಣಿತ ಬೇಡವೆಂದಲ್ಲ, ಮಾರಾಯ್ರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಭಸ್ಮಾಸುರನಿಗೆ ನಾನೂ ಮರುಳಾದವಳೇ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಹಬ್ಬವಾದಷ್ಟು ಸಂತೋಷಪಟ್ಟೆ. ಆದರೆ ಸೈರಂಧ್ರಿಯನ್ನು ಕಂಡ ಅವರ ಕೀಚಕನ ಕಣ್ಣು? ಅದನ್ನು ಹತ್ತಿರ ಕೂತೇ ನೋಡಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ಅವರ ಮಗ ಶಂಭು ಹೆಗಡೆಯವರು, 2009ರಲ್ಲಿ ತೀರಿಕೊಂಡರು, ಎಷ್ಟೋ ಸಲ ಕುಣಿಯದೆ ನಿಂತೇ ರಾಮನ ಸಂಕಟವನ್ನು ಮುಟ್ಟಿಸುತ್ತಿದ್ದರು. ಆ ಮೌನದ ಪಕ್ಕ ಇನ್ನೊಂದು ಚಂಡೆ ಬಾರಿಸಿದ್ದರೆ ಏನು ಉಳಿಯುತ್ತಿತ್ತು, ನೀವೇ ಹೇಳಿ.

ಜೋಡಾಟ ನಡೆಸುವವರು ನಡೆಸಲಿ. ಈ ಬದಿ ಪ್ರಭಾವತಿ ಮಾತಾಡುವಾಗ ಆ ಬದಿಯ ಚಂಡೆ ಸುಮ್ಮನಿರಲಿ, ಅವರ ಪ್ರಭಾವತಿಗೂ ಹಾಗೆಯೇ. ಎರಡು ಪದದ ಹೊತ್ತು ಸಾಕು.