ಕಟ್ಟೆ ಮತ್ತು ಕಾಲುವೆ: ದುರ್ಗಕ್ಕೊಂದು ಬಿಲ್ಬಾವೊ ಬೇಕೆ?

ಕಲೆಯಿಂದ ಊರು ಉದ್ಧಾರವಾಗುವ ಮಾತು ಬಂದಾಗಲೆಲ್ಲ ಸ್ಪೇನಿನ ಬಿಲ್ಬಾವೊ ನಗರದ ಉದಾಹರಣೆ ಬರುತ್ತದೆ. 1997ರ ಅಕ್ಟೋಬರಿನಲ್ಲಿ ಅಲ್ಲಿನ ನೆರ್ವಿಯೊನ್ ನದಿಯ ದಡದಲ್ಲಿ ಗುಗೆನ್‌ಹೈಮ್ ಕಲಾ ಸಂಗ್ರಹಾಲಯ ತೆರೆಯಿತು. ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ, ಟೈಟೇನಿಯಂ ಹೊದ್ದ ಆ ಕಟ್ಟಡವನ್ನು ನೋಡಲು ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನ ಬರತೊಡಗಿದರು. ಹಡಗು ಮತ್ತು ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರು ಜಗತ್ತಿನ ಕಣ್ಣಿಗೆ ಬಿತ್ತು. ಒಂದು ಕಟ್ಟಡ ಒಂದು ಊರಿನ ಹಣೆಬರಹ ತಿದ್ದಬಲ್ಲದು ಎಂಬ ನಂಬಿಕೆಗೆ 'ಬಿಲ್ಬಾವೊ ಪರಿಣಾಮ' ಎಂದೇ ಹೆಸರಾಯಿತು.

ಅದೇ 1997ರಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ನಾಟಕ ತಂಡ ಹುಟ್ಟಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅತಿಯಾಯಿತು ಎನ್ನಿಸಬಹುದು. ಆದರೆ ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಕಲೆ ಊರನ್ನು ಬದಲಿಸುವುದು ಹೇಗೆ ಎಂದು ಕೇಳಿಕೊಳ್ಳುವವರಿಗೆ ಬಿಲ್ಬಾವೊಗಿಂತ ಸಾಣೇಹಳ್ಳಿಯೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ವಾದ.

ಮೊದಲು ಬಿಲ್ಬಾವೊ ಕಥೆಯನ್ನೇ ಪೂರ್ತಿ ಓದೋಣ. ಸಂಗ್ರಹಾಲಯ ತೆರೆಯುವ ಎರಡು ವರ್ಷ ಮೊದಲೇ, 1995ರಲ್ಲಿ, ನಗರಕ್ಕೆ ಮೆಟ್ರೊ ಬಂದಿತ್ತು. ಕೊಳೆತು ನಾರುತ್ತಿದ್ದ ನದಿಯನ್ನು ಶುಚಿಗೊಳಿಸುವ ಕೆಲಸ ವರ್ಷಗಟ್ಟಲೆ ನಡೆದಿತ್ತು. ಬಂದರು ಊರ ನಡುವಿನಿಂದ ಸಮುದ್ರದ ಕಡೆಗೆ ಸರಿದಿತ್ತು. ಹಣ ಹಾಕಿದ್ದು ಬಾಸ್ಕ್ ಪ್ರಾಂತದ ಸರ್ಕಾರ. ಅಮೆರಿಕದ ಸಂಸ್ಥೆಯೊಂದರ ಹೆಸರಿಗೆ ನಮ್ಮ ಹಣ ಯಾಕೆ ಎಂದು ಸ್ಥಳೀಯ ಕಲಾವಿದರು ಕೇಳಿದರು. ಬಾಸ್ಕ್ ನಾಡಿನ ಹಿರಿಯ ಶಿಲ್ಪಿ ಹೊರ್ಹೆ ಒತೇಯ್ಸಾ ಕಟುವಾಗಿ ವಿರೋಧಿಸಿದರು. ನಕಲು ಮಾಡಹೊರಟ ಊರುಗಳು ಇದನ್ನೆಲ್ಲ ಬಿಟ್ಟು ಟೈಟೇನಿಯಂ ಹೊಳಪನ್ನಷ್ಟೇ ಕಂಡವು. ಅದೇ ಸ್ಪೇನಿನ ಸಾಂತಿಯಾಗೊ ದೆ ಕಂಪೊಸ್ತೇಲಾದಲ್ಲಿ ಬೆಟ್ಟದ ಮೇಲೆ ಆರಂಭಿಸಿದ 'ಸಂಸ್ಕೃತಿ ನಗರ'ದ ಕಾಮಗಾರಿಯನ್ನು 2013ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಕಟ್ಟಡದಿಂದ ಬದುಕು ಬದಲಾಗುವುದು ನಮ್ಮ ಜಿಲ್ಲೆಗೂ ಹೊಸದಲ್ಲ. ಹಿರಿಯೂರಿನವರನ್ನು ಕೇಳಿ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿಯಿತು. ಕಟ್ಟೆಯ ಮೇಲಿನ ಮಂಟಪಗಳನ್ನು ನೋಡಿದರೆ ಅದನ್ನು ಕಟ್ಟಿದವರಿಗೆ ಚೆಲುವಿನ ಕಣ್ಣೂ ಇತ್ತೆಂದು ತಿಳಿಯುತ್ತದೆ. 1933ರ ಬಳಿಕ, 89 ವರ್ಷ ಕಾದು, 2022ರಲ್ಲಿ ಅದು ಕೋಡಿ ಬಿದ್ದಾಗ ಜನ ಜಾತ್ರೆಗೆ ಬಂದಂತೆ ಬಂದರು. ಆದರೆ ಹಿರಿಯೂರಿನ ತೋಟಗಳನ್ನು ಹಸಿರಾಗಿಸಿದ್ದು ಆ ನೋಟವಲ್ಲ, ಕಟ್ಟೆಯಿಂದ ಹೊರಟ ಕಾಲುವೆಗಳು. ಕಾಲುವೆಯಿಲ್ಲದ ಕಟ್ಟೆಯಲ್ಲಿ ಫೋಟೊ ತೆಗೆಸಿಕೊಳ್ಳಬಹುದು. ಗದ್ದೆ ನಾಟಿ ಮಾಡಲಾಗದು. ಯಾವುದೇ ಸಂಗ್ರಹಾಲಯವನ್ನು ಅಳೆಯಲು ನನಗೆ ತೋಚುವ ಅಳತೆಗೋಲು ಇದೇ: ಇದರ ಕಾಲುವೆ ಯಾವುದು, ಅದು ಯಾರ ಹೊಲಕ್ಕೆ ಹೋಗುತ್ತದೆ?

ಈ ಗೋಲನ್ನು ಹಿಡಿದು ಚಿತ್ರದುರ್ಗ ನಗರಕ್ಕೆ ಬನ್ನಿ. ಏಳು ಸುತ್ತಿನ ಕೋಟೆ ಇದೆ. ಪಕ್ಕದಲ್ಲಿ ಚಂದ್ರವಳ್ಳಿ ಇದೆ, ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದ ಜಾಗ. ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಜಗತ್ತಿನ ಜೊತೆ ವ್ಯವಹಾರವಿದ್ದ ಊರು ಇದು. ರಂಗಯ್ಯನ ಬಾಗಿಲಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವೂ ಇದೆ. ಆದರೂ ಕೋಟೆ ಹತ್ತಿದವರಲ್ಲಿ 'ಅಲ್ಲಿಗೂ ಹೋಗಿದ್ದೆವು' ಎಂದವರನ್ನು ನಾನು ಕಂಡದ್ದು ಕಡಿಮೆ. ಹೆದ್ದಾರಿ ಪಕ್ಕದ ಊರು. ಬೆಳಿಗ್ಗೆ ಬಂದವರು ಓಬವ್ವನ ಕಿಂಡಿಯ ಮುಂದೆ ನಿಂತು, ಒಂದು ಊಟ ಮುಗಿಸಿ, ಸಂಜೆಯೊಳಗೆ ಹೊರಡುತ್ತಾರೆ. ಕಟ್ಟೆ ಇದೆ, ಕಾಲುವೆ ಇಲ್ಲ.

ಹಾಗಿದ್ದರೂ ದುರ್ಗದ ಗುರುತನ್ನು ಕಲೆ ಒಮ್ಮೆ ಬದಲಿಸಿತ್ತು, ಅದೂ ಒಂದು ಕಲ್ಲನ್ನೂ ಇಡದೆ. 1779ರಲ್ಲಿ ಹೈದರಾಲಿಗೆ ಸೋತ ಪಾಳೆಯಗಾರರ ಊರನ್ನು ಕನ್ನಡಿಗರ ಮನಸ್ಸಿನಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರು ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮೇಲೆ. ಅದಕ್ಕೂ ಮೊದಲು, 1972ರಲ್ಲಿ, ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ 'ನಾಗರಹಾವು' ಓಬವ್ವನನ್ನು ಮನೆಮನೆಗೆ ತಲುಪಿಸಿತು. ಕಾವಲುಗಾರನ ಹೆಂಡತಿ, ಕೈಯಲ್ಲಿ ಒನಕೆ. ಅರಸರ ಹೆಸರಿನ ಕೋಟೆ ಇಂಥ ಹೆಣ್ಣೊಬ್ಬಳ ಹೆಸರಿನಲ್ಲೂ ಗುರುತಾಯಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಗುರುತು ಕಟ್ಟುವ ಕೆಲಸದಲ್ಲಿ ಕಥೆಗೆ ಕಟ್ಟಡಕ್ಕಿಂತ ಉದ್ದದ ಕೈ ಇದೆ. ಆದರೆ ಆ ಕಥೆಯಿಂದ ಊರಿಗೆ ದಕ್ಕಿದ್ದು ಹೆಮ್ಮೆ. ದಿನದಿನದ ದುಡಿಮೆಯಾಗಿ ಅದು ಹರಿಯಲಿಲ್ಲ. ಕಾದಂಬರಿ, ಸಿನಿಮಾಗಳ ದುರ್ಗವನ್ನು ಮುಂದುವರಿಸುವ ನಟರಿಗೆ, ಚಿತ್ರಕಾರರಿಗೆ, ಕಥೆ ಹೇಳುವವರಿಗೆ ಊರೊಳಗೆ ಒಂದು ಖಾಯಂ ನೆಲೆ ಹುಟ್ಟಲಿಲ್ಲ.

ಸಾಣೇಹಳ್ಳಿ ಮಾಡಿದ್ದು ಇದನ್ನೇ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಅಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. ಹೆಸರು ಅವರ ಗುರು ಸಿರಿಗೆರೆಯ ಶಿವಕುಮಾರ ಶಿವಾಚಾರ್ಯರದು. ಆ ಗುರುವೂ ನಾಟಕ ಬರೆದವರು. ಹತ್ತು ವರ್ಷದ ಬಳಿಕ ಶಿವಸಂಚಾರ. ಗ್ರೀಕ್ ಮಾದರಿಯ ದೊಡ್ಡ ಬಯಲು ರಂಗಮಂದಿರ ಎದ್ದದ್ದು ಅದಾದ ಮೇಲೆ. ಈ ಕ್ರಮವೇ ಮುಖ್ಯ: ಮೊದಲು ಸಂಘ, ಆಮೇಲೆ ತಂಡ, ಕೊನೆಗೆ ಕಟ್ಟಡ. ಬಿಲ್ಬಾವೊ ಜಗತ್ತನ್ನು ತನ್ನಲ್ಲಿಗೆ ಕರೆದರೆ, ಸಾಣೇಹಳ್ಳಿ ತಾನೇ ಊರೂರಿಗೆ ಹೊರಟಿತು. ಹೆಗ್ಗೋಡಿನ ನೀನಾಸಂ 1985ರಲ್ಲಿ 'ತಿರುಗಾಟ'ದ ಮೂಲಕ ತೋರಿಸಿದ ದಾರಿ ಅದು. ವರ್ಷಕ್ಕೆ ಮೂರು ನಾಟಕ ಕಟ್ಟಿ ನಾಡು ಸುತ್ತುವ ಈ ತಂಡದಿಂದ ಹೊಸ ನಟನಟಿಯರಿಗೆ ಒಂದು ಹಂಗಾಮಿನ ದುಡಿಮೆ ಸಿಗುತ್ತದೆ, ಕಲಿಕೆಯೂ ಆಗುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಹೊರಗಿನ ತಂಡಗಳು ಇಲ್ಲಿಗೇ ಬರುತ್ತವೆ. ಸುತ್ತಲ ಹಳ್ಳಿಗಳ ರೈತರು, ಶಾಲೆಯ ಮಕ್ಕಳು ಮೆಟ್ಟಿಲ ಮೇಲೆ ಕೂತು ನೋಡುತ್ತಾರೆ. ನೋಡುವವರನ್ನು ಬೆಳೆಸುವುದೂ ಒಂದು ಬೇಸಾಯ.

ಹಾಗೆಂದು ಇದನ್ನು ಹೊಗಳಿ ಮುಗಿಸುವಂತಿಲ್ಲ. ಇಲ್ಲಿನ ಆಸರೆ ಮಠದ್ದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯನ್ನು ನೆನೆಯಿರಿ: 'ತಿರುಕ' ಎಂಬ ಹೆಸರಿನಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿಯವರ ಅನಾಥ ಸೇವಾಶ್ರಮದಿಂದ ಆ ಹಳ್ಳಿಗೆ ಯೋಗ, ಆಯುರ್ವೇದದ ಗುರುತು ಬಂತು. ಎರಡೂ ಕಡೆ ಒಬ್ಬ ವ್ಯಕ್ತಿಯ ಛಲವೇ ಸಂಸ್ಥೆಯಾಗಿ ನಿಂತಿದೆ. ಆ ವ್ಯಕ್ತಿಯ ನಂತರವೂ ಅದೇ ಕಸುವು ಉಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಇಂಥ ಎಲ್ಲ ಸಂಸ್ಥೆಗಳೂ ಎದುರಿಸಬೇಕು. ಮಠದ ಅಂಗಳದ ರಂಗ ಶರಣರ ಪ್ರಶ್ನೆಗಳನ್ನು ಧೈರ್ಯವಾಗಿ ಎತ್ತುತ್ತದೆ. ಮಠವೆಂಬ ವ್ಯವಸ್ಥೆಯನ್ನೇ ಪ್ರಶ್ನಿಸುವ ನಾಟಕಕ್ಕೂ ಅಷ್ಟೇ ಜಾಗವಿರಬೇಕೆಂದು ವಿಮರ್ಶೆ ಕೇಳಬೇಕು. ಆರ್ಥಿಕ ಲಾಭದ ಮಾತಿನಲ್ಲೂ ಹುರುಪು ತೋರಬಾರದು. ಸಾಣೇಹಳ್ಳಿ ಶ್ರೀಮಂತ ಊರಾಗಿಲ್ಲ. ನಾಟಕವೆಂದರೆ ನೆನಪಾಗುವ ಊರಾಗಿದೆ, ಅಷ್ಟೆ. ಬಯಲುಸೀಮೆಯ ಪುಟ್ಟ ಹಳ್ಳಿಗೆ ಅದು ಸಣ್ಣ ಸಂಗತಿಯಲ್ಲ.

ದುರ್ಗಕ್ಕೆ ದೊಡ್ಡದೊಂದು ಕಲಾ ಸಂಗ್ರಹಾಲಯ ಬೇಡವೆಂದು ನಾನು ಹೇಳುತ್ತಿಲ್ಲ. ಚಂದ್ರವಳ್ಳಿಯ ನಾಣ್ಯಕ್ಕೂ ಓಬವ್ವನ ಒನಕೆಗೂ ಒಂದೇ ಸೂರಿನಡಿ ಮಾತಾಡಲು ಜಾಗ ಸಿಕ್ಕರೆ ಮೊದಲು ಸಂತೋಷಪಡುವವರು ನಮ್ಮಂಥ ವಿದ್ಯಾರ್ಥಿಗಳೇ. ಆದರೆ ನಕ್ಷೆ ಬರೆಯುವ ಮುನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಉದ್ಘಾಟನೆಯ ಮರುವರ್ಷ ಅಲ್ಲಿ ಸಂಬಳಕ್ಕಿರುವ ಕಲಾವಿದರು ಎಷ್ಟು ಮಂದಿ? ಮೊಳಕಾಲ್ಮೂರಿನ ನೇಕಾರರಿಗೆ, ಕಂಬಳಿ ನೇಯುವವರಿಗೆ ಅದರ ಬಾಗಿಲು ತೆರೆದಿರುತ್ತದೆಯೇ, ಇಲ್ಲ ಅವರ ಮಗ್ಗಕ್ಕೆ ಮಾತ್ರ ಗಾಜಿನ ಪೆಟ್ಟಿಗೆಯೇ? ಅದರ ವಸ್ತುಗಳು, ಕಥೆಗಳು ಹೊಸದುರ್ಗದ, ಹೊಳಲ್ಕೆರೆಯ ಶಾಲೆಗಳಿಗೆ ಬಸ್ಸು ಹತ್ತಿ ಹೋಗುತ್ತವೆಯೇ?

ಇವಕ್ಕೆ ಉತ್ತರವಿದ್ದರೆ ಹಳೆಯ ಗೋದಾಮು ಕೂಡ ಸಂಗ್ರಹಾಲಯವಾದೀತು. ಉತ್ತರವಿಲ್ಲದಿದ್ದರೆ, ಹೊರಗಿನಿಂದ ಬಂದವರು ಫೋಟೊ ತೆಗೆದುಕೊಂಡು ಹೋಗುವ ಇನ್ನೊಂದು ಜಾಗ ದುರ್ಗಕ್ಕೆ ಸಿಗುತ್ತದೆ. ಅಂಥದ್ದು ನಮ್ಮಲ್ಲಿ ಈಗಾಗಲೇ ಇದೆ. ಅದಕ್ಕೆ ಏಳು ಸುತ್ತಿನ ಗೋಡೆಯೂ ಇದೆ.