ಲಿನಕ್ಸ್ ಕರ್ನೆಲ್ಲಿನ ಅಪವಾದಪ್ರಕರಣ: ಒಂದು ವಿಮರ್ಶೆ

ವ್ಯಾಕರಣದಲ್ಲಿ ಉತ್ಸರ್ಗವನ್ನು ಅಪವಾದವು ಬಾಧಿಸುವಂತೆ, ಗಣಕಯಂತ್ರದ ಪ್ರೊಸೆಸರಿನಲ್ಲಿಯೂ ಆಜ್ಞೆಗಳ ಸಹಜಕ್ರಮವನ್ನು ತಡೆಯುವ ಎಕ್ಸೆಪ್ಷನ್‌ಗಳೆಂಬ ಅಪವಾದಗಳುಂಟು. ಎಕ್ಸ್86 ಪ್ರೊಸೆಸರಿನಲ್ಲಿ ಇವಕ್ಕೆ 0 ಮೊದಲ್ಗೊಂಡು 31ರವರೆಗಿನ ಸಂಖ್ಯೆಗಳು ಮೀಸಲು. ಸೊನ್ನೆಯಿಂದ ಭಾಗಿಸಿದಲ್ಲಿ 0ನೆಯದೂ, ಮೆಮೊರಿಯ ಪುಟವು ದೊರೆಯದಿದ್ದಲ್ಲಿ 14ನೆಯದಾದ ಪುಟದೋಷವೂ ಒದಗುವುವು. ಆಗ ಕಾರ್ಯವನ್ನು ವಹಿಸಿಕೊಳ್ಳುವ ಪ್ರವೇಶಭಾಗವು ಲಿನಕ್ಸಿನಲ್ಲಿ ಬಹುಕಾಲ ಅಸೆಂಬ್ಲಿ ಭಾಷೆಯಲ್ಲಿ ತೇಪೆಯ ಮೇಲೆ ತೇಪೆಯಾಗಿ ಬೆಳೆದಿದ್ದಿತು. 2020ರ ಆಗಸ್ಟಿನಲ್ಲಿ ಹೊರಬಂದ 5.8ನೆಯ ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು ಅದರ ಬಹ್ವಂಶವನ್ನು ಸಿ ಭಾಷೆಗೆ ತಂದು ಸಂಸ್ಕರಿಸಿದರು.

ಈ ಸಂಸ್ಕರಣದ ಗುಣವು ಲಾಘವವೆಂದು ಕೆಲವರು ತಿಳಿಯಬಹುದು; ನಮಗೆ ಹಾಗೆ ತೋರುವುದಿಲ್ಲ. ಪೌರ್ವಾಪರ್ಯದ ನಿಯಮವೇ ಇದರ ಸಾರ. ಪುಟದೋಷದ ವಿಳಾಸವು ಸಿಆರ್2 ಎಂಬ ರಿಜಿಸ್ಟರಿನಲ್ಲಿರುವುದು. ಅದನ್ನು ಓದುವ ಮುನ್ನ ಮತ್ತೊಂದು ಪುಟದೋಷವುಂಟಾದರೆ ಮೊದಲನೆಯದು ಅಳಿದುಹೋಗುವುದು. ಕರ್ನೆಲ್ಲು ತನ್ನ ಸ್ಥಿತಿಯನ್ನು ನೆಲೆಗೊಳಿಸುವ ಮೊದಲೇ ಟ್ರೇಸಿಂಗ್ ಮುಂತಾದುವು ನುಗ್ಗಿದರೆ ಅಪವಾದದೊಳಗೆ ಅಪವಾದ ಹುಟ್ಟಿ, ಅನವಸ್ಥೆಯಿಂದ ಯಂತ್ರವೇ ಕೆಡಬಹುದು. ಆದುದರಿಂದ ಅಂತಹ ಭಾಗಗಳಿಗೆ 'ನೋಇನ್‌ಸ್ಟ್ರ್' ಎಂಬ ಗುರುತನ್ನಿಟ್ಟು, ನಿಯಮಭಂಗವನ್ನು ಆಬ್ಜ್‌ಟೂಲ್ ಎಂಬ ಸಾಧನವೇ ಹಿಡಿಯುವಂತೆ ಮಾಡಿರುವುದು ಶ್ಲಾಘ್ಯ.

ದೋಷವೂ ಒಂದುಂಟು. ಪ್ರವೇಶಕ್ರಮವೆಲ್ಲವೂ ಮ್ಯಾಕ್ರೋ ಎಂಬ ಸಂಜ್ಞೆಗಳೊಳಗೆ ಅಡಗಿರುವುದರಿಂದ, ಪರಿಭಾಷೆಯನ್ನರಿಯದವನಿಗೆ ಪಾಠವು ದುರ್ಬೋಧ. ಆದರೂ ಬಲ್ಲವರ ಮನಸ್ಸಿನಲ್ಲಿ ಮಾತ್ರವಿದ್ದ ನಿಯಮವು ಗ್ರಂಥಸ್ಥವಾಗಿ ಪರೀಕ್ಷೆಗೊಳಪಟ್ಟಿತೆಂಬುದು ಅಲ್ಪ ಲಾಭವಲ್ಲ.